ಎರಡು ಕ್ರೆಡಿಟ್

ಹನ್ನೆರಡು ಎಂದರೆ ಹದಿನಾಲ್ಕಲ್ಲ ಎಂಬ ಒಂದೇ ಕಾರಣಕ್ಕೆ ಗಣಿತದ ಮೇಷ್ಟ್ರೊಬ್ಬರು ಟೀವಿ ರಿಮೋಟನ್ನು ಗೋಡೆಗೆ ಎಸೆದದ್ದನ್ನು ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರು ಹಿಂದೆಂದೂ ಕಂಡಿರಲಿಕ್ಕಿಲ್ಲ. ಎಸೆದವರು ಕೇಶವಮೂರ್ತಿ. ಜನವರಿಯ ಒಂದು ಬೆಳಿಗ್ಗೆ, ರೊಟೊಟೂನ ಬಡಾವಣೆಯ ಮನೆಯಲ್ಲಿ, ಎಡಗೈಯಲ್ಲಿ ಕಾಫಿ ಲೋಟ ಇದ್ದಾಗಲೇ ಫೋನಿಗೆ ಮೆಸೇಜು ಬಂತು. ಕಳಿಸಿದವಳು ಯೇರಿನ್, ಅವರ ಗ್ಯಾರೇಜಿನಲ್ಲಿ ಎರಡು ವರ್ಷ ಕೂತು ಕ್ಯಾಲ್ಕ್ಯುಲಸ್ ಕಲಿತ ಕೊರಿಯಾದ ಹುಡುಗಿ. 'ಸರ್, ರಿಸಲ್ಟ್ ಬಂತು. ಯೂನಿವರ್ಸಿಟಿ ಎಂಟ್ರೆನ್ಸ್ ಸಿಗಲಿಲ್ಲ. ಕ್ಯಾಲ್ಕ್ಯುಲಸ್‌ನಲ್ಲಿ ಹನ್ನೆರಡೇ ಕ್ರೆಡಿಟ್. ಕ್ಷಮಿಸಿ.'

ಇಲ್ಲಿನ ನಿಯಮ ಸರಳ. ಶಾಲೆಯ ಕೊನೆಯ ವರ್ಷದಲ್ಲಿ ಮೂರು ವಿಷಯಗಳಲ್ಲಿ ತಲಾ ಹದಿನಾಲ್ಕು ಕ್ರೆಡಿಟ್ ಗಳಿಸಿದವರಿಗೆ ಯೂನಿವರ್ಸಿಟಿಯ ಬಾಗಿಲು ತೆರೆಯುತ್ತದೆ, ಹದಿಮೂರು ಗಳಿಸಿದವರಿಗೆ ತೆರೆಯುವುದಿಲ್ಲ. ಯೇರಿನ್ ಫಿಸಿಕ್ಸ್ ದಾಟಿದ್ದಳು, ಕೆಮಿಸ್ಟ್ರಿ ದಾಟಿದ್ದಳು. ಕ್ಯಾಲ್ಕ್ಯುಲಸ್‌ನ ವಾರ್ಷಿಕ ಪರೀಕ್ಷೆಗೆ ಮೂರು ಗಂಟೆಯಲ್ಲಿ ಬರೆಯಬೇಕಾದ ಮೂರು ಪುಸ್ತಿಕೆ. ಎರಡಕ್ಕೆ ಎಕ್ಸಲೆನ್ಸ್ ಎಂಬ ಅತಿ ಮೇಲಿನ ದರ್ಜೆಯೇ ಬಂದಿತ್ತು, ತಲಾ ಆರು ಕ್ರೆಡಿಟ್. ಐದು ಕ್ರೆಡಿಟ್ಟಿನ ಮೂರನೆಯದರಲ್ಲಿ ಫೇಲು.

"ಎರಡು ಕ್ರೆಡಿಟ್ ಅಂತೆ!" ಮೇಷ್ಟ್ರು ಗುಡುಗಿದರು. "ಡಿಫರೆನ್ಸಿಯೇಶನ್ನಲ್ಲಿ ಎಕ್ಸಲೆನ್ಸ್ ತಗೊಂಡಿರೋ ಹುಡುಗಿ ಕಣೇ ಅದು. ಅವಳನ್ನ ಬಾಗಿಲಾಚೆ ನಿಲ್ಲಿಸ್ತಾರಂತೆ. ಇವರ ಪರೀಕ್ಷೆಗಿಷ್ಟು ಬೆಂಕಿ ಹಾಕ!"

ಅವರ ಹೆಂಡತಿ ವಿಜಯಾ ಆಫೀಸಿಗೆ ಹೊರಟಿದ್ದವರು ಶೂ ಕೈಯಲ್ಲಿ ಹಿಡಿದೇ ಕೇಳಿದರು. "ಅವಳಿಗೆ ಇಂಟರ್ನಲ್ ಕ್ರೆಡಿಟ್ ಇರ್ಲಿಲ್ವೇನ್ರೀ? ನಮ್ಮ ಆಫೀಸಲ್ಲಿ ಮಕ್ಕಳಿರೋರೆಲ್ಲ ವರ್ಷವಿಡೀ ಅದರದ್ದೇ ಜಪ ಮಾಡ್ತಿರ್ತಾರೆ."

ಮೇಷ್ಟ್ರು ರಿಮೋಟಿನಿಂದ ಹಾರಿದ ಬ್ಯಾಟರಿ ಹುಡುಕುವ ನೆಪದಲ್ಲಿ ಸೋಫಾದ ಅಡಿಗೆ ಬಗ್ಗಿದರು.

ಮೇಷ್ಟ್ರದು ಮೊದಲೇ ಮೂಗಿನ ತುದಿಯ ಕೋಪ. ಆದರೆ ಈ ದೇಶದ ಶಾಲೆಗಳ ಮೇಲಿನ ಕೋಪ ಮೂಗಿನ ತುದಿಯದಲ್ಲ, ಹೊಟ್ಟೆಯೊಳಗಿನದು. ಮೈಸೂರಿನ ಪಿಯು ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದವರು ಅವರು. ಕಾರಿಡಾರಿನಲ್ಲಿ ಒಮ್ಮೆ ಕೆಮ್ಮಿದರೆ ಎರಡು ಸೆಕ್ಷನ್‌ಗಳ ಬಾಯಿ ಮುಚ್ಚುತ್ತಿತ್ತು. ವಿಜಯಾ ಅವರಿಗೆ ಇಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಸಿಕ್ಕಿದಾಗ, ಹೆಂಡತಿಯ ವೀಸಾದ ಬಾಲ ಹಿಡಿದು ಬಂದ ಗಂಡ ಎಂದು ನೆಂಟರು ಆಡಿಕೊಂಡರೂ ನುಂಗಿಕೊಂಡು ಬಂದರು. ಇಲ್ಲಿನ ಶಾಲೆಯಲ್ಲಿ ಕೆಲಸ ಕೇಳಿದರೆ, ಮೊದಲು ಒಂದು ವರ್ಷ ಟೀಚರ್ ಟ್ರೇನಿಂಗ್ ಮಾಡಿಕೊಂಡು ಬನ್ನಿ ಎಂದರು. "ಇಪ್ಪತ್ತಾರು ವರ್ಷ ಪಾಠ ಮಾಡಿದೋನಿಗೆ ಪಾಠ ಮಾಡೋದು ಹೇಗೆ ಅಂತ ಇವರು ಹೇಳಿಕೊಡ್ತಾರಂತೆ," ಎಂದು ಅರ್ಜಿ ಹರಿದು ಹಾಕಿದರು. ಅಂದಿನಿಂದ ಈ ದೇಶದ ಶಾಲೆ ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳುವುದೂ ತಮ್ಮ ಮರ್ಯಾದೆಗೆ ಕಡಿಮೆ ಎಂದು ತೀರ್ಮಾನಿಸಿ, ಗ್ಯಾರೇಜಿನಿಂದ ಕಾರನ್ನು ಹೊರಗೆ ಹಾಕಿ, ಒಳಗೆ ಬೋರ್ಡು ತೂಗುಹಾಕಿದರು.

ಮೊದಲು ಬಂದದ್ದು ಕನ್ನಡದವರ ಮಕ್ಕಳು. ಮೇಷ್ಟ್ರು ಟೆಸ್ಟ್ ಪೇಪರುಗಳನ್ನು ಮೈಸೂರಿನ ಕ್ರಮದಲ್ಲೇ ಹಂಚುತ್ತಿದ್ದರು. ಹೆಚ್ಚು ಅಂಕದವರಿಂದ ಶುರು. ಹೆಸರು, ಅಂಕ ಎರಡನ್ನೂ ಗಟ್ಟಿಯಾಗಿ ಕೂಗುವುದು. ಎಲ್ಲರಿಗಿಂತ ಕೊನೆಯವನು ಎದ್ದು ಬಂದಾಗ ಪೇಪರನ್ನು ಕೈಯಲ್ಲೇ ಹಿಡಿದು ಒಂದು ನಿಮಿಷ ಅವನ ಮುಖ ನೋಡುವುದು. ಇಲ್ಲಿ ಹುಟ್ಟಿದ ಮಕ್ಕಳು ಮನೆಗೆ ಹೋಗಿ "ದಟ್ಸ್ ನಾಟ್ ಓಕೆ" ಎಂದವು. ಎರಡು ತಿಂಗಳಲ್ಲಿ ಗ್ಯಾರೇಜು ಖಾಲಿ ಹೊಡೆಯಿತು.

ಆಮೇಲೆ ಬಂದವರು ಕೊರಿಯಾದವರು. ಒಬ್ಬರಿಂದೊಬ್ಬರಿಗೆ ಸುದ್ದಿ ಹಬ್ಬಿ ಆರು ಮಕ್ಕಳಾದರು. ಈ ಮಕ್ಕಳು ಬೈದರೆ ತಲೆ ತಗ್ಗಿಸುತ್ತಿದ್ದರು, ಪೇಪರು ಕೊಟ್ಟರೆ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು. ಯೇರಿನ್ನಳ ತಾಯಿಯಂತೂ ಮೇಷ್ಟ್ರನ್ನು ಕಂಡರೆ ಸೊಂಟದವರೆಗೆ ಬಗ್ಗಿ 'ಸನ್‌ಸೆಂಗ್‌ನಿಮ್' ಎನ್ನುತ್ತಿದ್ದರು. ಗುರುಗಳೇ ಎಂದು ಅದರರ್ಥ. ಮಗಳ ಓದಿಗೆಂದು ಗಂಡನನ್ನು ಕೊರಿಯಾದಲ್ಲೇ ಬಿಟ್ಟು ಬಂದ ಹೆಂಗಸು; ಶಾಪಿಂಗ್ ಸೆಂಟರಿನ ಸುಶಿ ಅಂಗಡಿಯಲ್ಲಿ ಕೆಲಸ. ಇಂಗ್ಲಿಷ್ ಅಷ್ಟಕ್ಕಷ್ಟೇ. ಶಾಲೆಯಿಂದ ಏನೇ ಕಾಗದ ಬಂದರೂ ಮೇಷ್ಟ್ರ ಹತ್ತಿರ ತರುತ್ತಿದ್ದರು.

ಅವರ ಬಾಯಿಂದಲೇ ಮೇಷ್ಟ್ರು ಸುನುಂಗ್ ಪರೀಕ್ಷೆಯ ಬಗ್ಗೆ ಕೇಳಿದ್ದು. ನವೆಂಬರಿನ ಒಂದು ಗುರುವಾರ ಕೊರಿಯಾದ ಮಕ್ಕಳೆಲ್ಲ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ಯೂನಿವರ್ಸಿಟಿಗಾಗಿ ಬರೆಯುವ ಒಂದೇ ಪರೀಕ್ಷೆ. ಇಂಗ್ಲಿಷ್ ಕೇಳಿಸಿಕೊಂಡು ಉತ್ತರಿಸುವ ಹೊತ್ತಿಗೆ ವಿಮಾನ ಏಳುವಂತಿಲ್ಲ, ಇಳಿಯುವಂತಿಲ್ಲ. ತಡವಾದ ಮಕ್ಕಳನ್ನು ಪೊಲೀಸರು ಬೈಕಿನಲ್ಲಿ ಕೂರಿಸಿಕೊಂಡು ಬರುತ್ತಾರೆ. ಮೇಷ್ಟ್ರಿಗೆ ಕಣ್ಣಲ್ಲಿ ನೀರೇ ಬಂದಿತ್ತು. "ಅದು ದೇಶ ಅಂದ್ರೆ! ಪರೀಕ್ಷೆಗೆ ವಿಮಾನ ನಿಲ್ಲಿಸ್ತಾರೆ ಕಣೇ. ಇಲ್ಲಿ ಲಾನ್ ಮೋವರ್ ನಿಲ್ಲಿಸಲ್ಲ," ಎಂದು ವಾರವಿಡೀ ಹೆಂಡತಿಯ ತಲೆ ತಿಂದರು. ಗ್ಯಾರೇಜಿನಲ್ಲಿ ಸುನುಂಗ್ ಕ್ರಮವನ್ನೇ ತಂದರು. ಒಂದೇ ದಿನ, ಒಂದೇ ಪರೀಕ್ಷೆ, ಅದಕ್ಕೇ ವರ್ಷದ ತಯಾರಿ.

ಇಂಟರ್ನಲ್ ಎಂಬ ಪದ ಕೇಳಿದರೇ ಅವರಿಗೆ ಮೈ ಉರಿಯುತ್ತಿತ್ತು. ಅದರಲ್ಲಿ ಆಶ್ಚರ್ಯವೂ ಇಲ್ಲ. ನಮ್ಮ ಕಡೆ ಇಂಟರ್ನಲ್ ಮಾರ್ಕ್ಸ್ ಎಂದರೆ ಕಾಲೇಜಿನವರು ಹಾಕಿಕೊಡುವ ಪ್ರಸಾದ. ಕ್ಲಾಸಿಗೆ ಬಂದವನಿಗೂ ಇಪ್ಪತ್ತಕ್ಕೆ ಇಪ್ಪತ್ತು, ಬಾರದವನಿಗೂ ಹದಿನೆಂಟು. ಮೇಷ್ಟ್ರೇ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ಒಂದೊಂದು ಸೆಕ್ಷನ್ನಿಗೆ ಹತ್ತು ನಿಮಿಷದಲ್ಲಿ ಇಂಟರ್ನಲ್ ತುಂಬಿದವರು. ಇಲ್ಲಿ ಅದು ಹಾಗಲ್ಲ, ಶಾಲೆಯಲ್ಲಿ ನಡುವರ್ಷ ಬರೆಯುವ ಆ ಪರೀಕ್ಷೆಗೂ ವಾರ್ಷಿಕ ಪರೀಕ್ಷೆಗೂ ಕ್ರೆಡಿಟ್ಟಿನ ತಕ್ಕಡಿ ಒಂದೇ ಎಂದು ಅವರಿಗೆ ಯಾರೂ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಹೋದ ಜೂನ್‌ನಲ್ಲಿ ಯೇರಿನ್ನಳ ಶಾಲೆಯಿಂದ ಇಮೇಲ್ ಬಂತು. ತ್ರಿಕೋನಮಿತಿಯ ಇಂಟರ್ನಲ್ ಇದೆ, ನಾಲ್ಕು ಕ್ರೆಡಿಟ್, ಬರೆಯಲು ಸಲಹೆ ಮಾಡುತ್ತೇವೆ ಎಂದು. ಅದೇ ವಾರ ಮೇಷ್ಟ್ರ ಗ್ಯಾರೇಜಿನಲ್ಲಿ ಮೂರು ದಿನದ ಮಾದರಿ ಪರೀಕ್ಷೆ. ತಾಯಿ ಫೋನು ಹಿಡಿದು ಬಂದು, ಏನು ಮಾಡಲಿ ಗುರುಗಳೇ ಎಂದು ಕೇಳಿದರು. "ಇಂಟರ್ನಲ್ಲು ದಡ್ಡರಿಗೆ," ಎಂದರು ಮೇಷ್ಟ್ರು. "ನಿಮ್ಮ ಮಗಳು ಫೈನಲ್‌ನಲ್ಲಿ ಹದಿನೇಳು ತರುತ್ತಾಳೆ." ಆಕೆಯ ಫೋನನ್ನು ತಾವೇ ತೆಗೆದುಕೊಂಡು ಉತ್ತರ ಟೈಪು ಮಾಡಿ, ಆಕೆಯ ಹೆಸರು ಹಾಕಿ ಕಳಿಸಿಯೂಬಿಟ್ಟರು. ಆಗಸ್ಟಿನಲ್ಲಿ ಮತ್ತೊಂದು ಇಮೇಲ್ ಬಂತು, ಕೊನೆಯ ಅವಕಾಶವೆಂದು. ಅದಕ್ಕೂ ಅದೇ ಉತ್ತರ.

ರಿಸಲ್ಟ್ ಬಂದ ಮರುದಿನ ಸಂಜೆ ತಾಯಿ ಮಗಳು ಮನೆಗೆ ಬಂದರು. ತಾಯಿಯ ಕೈಯಲ್ಲಿ ಒಂದು ಪೆಟ್ಟಿಗೆ ಚೆರ್ರಿ ಹಣ್ಣು. ಸುಶಿ ಅಂಗಡಿಯ ಕಪ್ಪು ಏಪ್ರನ್ ಇನ್ನೂ ಬಿಚ್ಚಿರಲಿಲ್ಲ. ಬಾಗಿಲಲ್ಲೇ ಆಕೆ ಬಗ್ಗಿದರು, ಬಗ್ಗಿದವರು ಏಳಲೇ ಇಲ್ಲ.

"ಗುರುಗಳೇ, ನನ್ನ ಮಗಳು ನಿಮ್ಮ ಮರ್ಯಾದೆ ಕಳೆದಳು. ನೀವು ಇಷ್ಟು ಕಷ್ಟಪಟ್ಟಿರಿ. ಅವಳು ಓದಲಿಲ್ಲ. ಕ್ಷಮಿಸಿ."

ತಪ್ಪು ತಮ್ಮದೆಂದು ಆ ಕ್ಷಣದಲ್ಲಿ ಮೇಷ್ಟ್ರು ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಅವರಿಗೆ ಚೆನ್ನಾಗಿ ಬರುವ ವಿದ್ಯೆಯೊಂದಿತ್ತು, ಸಿಟ್ಟು. ಅದನ್ನು ಹೊರತೆಗೆದರು.

"ಮೂರನೇ ಪುಸ್ತಿಕೆ ಏನಾಯಿತು?" ಎಂದು ಯೇರಿನ್ ಕಡೆ ತಿರುಗಿದರು. "ಕಾಂಪ್ಲೆಕ್ಸ್ ನಂಬರ್ಸ್ ಮೂರು ಸಲ ಮಾಡಿಸಿದ್ದೆ. ಮೂರು ಸಲ! ನಿದ್ದೆ ಮಾಡಿದೆಯಾ ಅಲ್ಲಿ?"

"ಟೈಮ್ ಸಾಲಲಿಲ್ಲ ಸರ್," ಎಂದಳು ಯೇರಿನ್. ತಲೆ ತಗ್ಗಿಸಿಯೇ ಇದ್ದಳು. ಹದಿನೆಂಟು ವರ್ಷದ ಸಣಕಲು ಹುಡುಗಿ; ಅಳುತ್ತಲೂ ಇರಲಿಲ್ಲ.

ತಾಯಿ ಉಳಿದದ್ದನ್ನು ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದರು. ಇದೇ ಊರಿನ ಯೂನಿವರ್ಸಿಟಿಯಲ್ಲಿ ಇಂಜಿನಿಯರಿಂಗ್ ಸೀಟು ಕಾದಿತ್ತು, ಎಂಟ್ರೆನ್ಸ್ ಇಲ್ಲದೆ ಅದು ಹೋಯಿತು. ಗಂಡ ರಾತ್ರಿಯೇ ಫೋನಿನಲ್ಲಿ ಅಪ್ಪಣೆ ಮಾಡಿದ್ದಾರೆ: ನ್ಯೂಜಿಲೆಂಡ್ ಸಾಕು, ಮಗಳು ವಾಪಸ್ಸು ಬಂದು ಹಾಸ್ಟೆಲ್ ಕೋಚಿಂಗ್ ಸೇರಿ ನವೆಂಬರಿನಲ್ಲಿ ಸುನುಂಗ್ ಬರೆಯಲಿ. ಮುಂದಿನ ತಿಂಗಳ ಮೊದಲ ವಾರಕ್ಕೆ ಟಿಕೆಟ್ ಆಗಿದೆ.

"ಸುನುಂಗ್‌ನ ಮೊದಲ ಪತ್ರಿಕೆಯೇ ಕೊರಿಯನ್ ಭಾಷೆ ಸರ್," ಎಂದಳು ಯೇರಿನ್, ನೆಲಕ್ಕೆ ಹೇಳುವಂತೆ. "ನಾನು ಆರನೇ ಕ್ಲಾಸಿನಲ್ಲಿ ಬಿಟ್ಟು ಬಂದವಳು. ಮನೆಯಲ್ಲಿ ಮಾತಾಡುವಷ್ಟು ಬರುತ್ತದೆ. ಅಷ್ಟೇ."

ತಾಯಿ ಅವಳ ಭುಜಕ್ಕೆ ಒಂದು ಏಟು ಕೊಟ್ಟು, ಮೇಷ್ಟ್ರಿಗೆ ಇನ್ನೊಮ್ಮೆ ಬಗ್ಗಿ, ಮಗಳನ್ನು ಎಳೆದುಕೊಂಡು ಹೊರಟರು. ಹೊರಡುವಾಗ ಯೇರಿನ್ ಒಮ್ಮೆ ತಲೆಯೆತ್ತಿ ಮೇಷ್ಟ್ರನ್ನು ನೋಡಿದಳು. ಆ ನೋಟಕ್ಕೆ ಮೇಷ್ಟ್ರು ಮುಖ ತಿರುಗಿಸಿದರು.

ಬಾಗಿಲು ಮುಚ್ಚಿದ್ದೇ ತಡ, ಮೇಷ್ಟ್ರು ಶುರು ಹಚ್ಚಿಕೊಂಡರು. ಶಾಲೆಯವರು ಸರಿಯಿಲ್ಲ, ಪ್ರಶ್ನೆಪತ್ರಿಕೆ ಸರಿಯಿಲ್ಲ, ಈ ದೇಶಕ್ಕೆ ವಿದ್ಯೆಯ ಬೆಲೆ ಗೊತ್ತಿಲ್ಲ, ಆ ಅಪ್ಪನಿಗೆ ಬುದ್ಧಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೇಷ್ಟ್ರು ನೆಲ, ಗೋಡೆ, ಸೂರು ಒಂದನ್ನೂ ಬಿಡಲಿಲ್ಲ. ವಿಜಯಾ ಅಡುಗೆಮನೆಯ ಕಟ್ಟೆಗೆ ಒರಗಿ, ಕೈಕಟ್ಟಿ, ಪೂರ್ತಿ ಕೇಳಿದರು.

"ಮುಗೀತಾ?" ಎಂದರು. "ಈಗ ನಾನೊಂದು ಕೇಳ್ತೀನಿ. ಜೂನ್‌ನಲ್ಲಿ ಆಯಮ್ಮ ಫೋನ್ ಹಿಡ್ಕೊಂಡು ಬಂದಿದ್ರಲ್ಲ, ನಾನು ಬಟ್ಟೆ ಮಡಚ್ತಾ ಇಲ್ಲೇ ಕೂತಿದ್ದೆ. ಇಂಟರ್ನಲ್ ಬೇಡ ಅಂತ ಬರೆದಿದ್ದು ಯಾರು?"

"ಅದು ಬೇರೆ ವಿಷಯ."

"ಬೇರೆ ಅಲ್ಲ ಕಣ್ರೀ, ಅದೇ ವಿಷಯ. ನಾಲ್ಕು ಕ್ರೆಡಿಟ್. ಹನ್ನೆರಡಕ್ಕೆ ನಾಲ್ಕು ಸೇರಿದ್ರೆ ಎಷ್ಟು, ಗಣಿತದ ಮೇಷ್ಟ್ರೇ?" ವಿಜಯಾರ ದನಿ ಏರಲಿಲ್ಲ; ಅದೇ ಹೆಚ್ಚು ಭಯ. "ಆ ಮಗು ಇಲ್ಲಿ ನಿಂತು ನಿಮ್ಮ ಹೆಸರು ಹೇಳ್ಲಿಲ್ಲ. ಹೇಳಬಹುದಿತ್ತು. ನಿಮ್ಮ ಮುಖಾನೇ ನೋಡ್ತು. ಅವರಮ್ಮ ಬಾಗಿಲಲ್ಲಿ ಬಗ್ಗಿ ನಿಂತ್ರೆ ನೀವು ಏಳಿ ಅನ್ನೋ ಬದಲು ಹುಡುಗಿಗೆ ಬೈದ್ರಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಥೂ, ನನಗೆ ನಾಚಿಕೆ ಆಯ್ತು ಕಣ್ರೀ. ಇಷ್ಟು ವರ್ಷಕ್ಕೆ ಮೊದಲನೇ ಸಲ."

ಮೇಷ್ಟ್ರು ತಿರುಗಿ ಕೂಗಿದರು. ನಾನು ಅವಳ ಒಳ್ಳೇದಕ್ಕೇ ಹೇಳಿದ್ದು ಎಂದರು, ಇಪ್ಪತ್ತಾರು ವರ್ಷ ಎಂದರು, ನಿನಗೇನು ಗೊತ್ತು ಎಂದರು. ವಿಜಯಾ ಚೆರ್ರಿ ಪೆಟ್ಟಿಗೆಯನ್ನು ಅವರ ಮುಂದೆ ತಳ್ಳಿ, "ತಿನ್ನಿ, ಗುರುದಕ್ಷಿಣೆ," ಎಂದು ಒಳಗೆ ಹೋದರು.

ಮೂರು ದಿನ ಮನೆಯಲ್ಲಿ ಮಾತಿಲ್ಲ. ನಾಲ್ಕನೆಯ ದಿನ ವಿಜಯಾ ಆಫೀಸಿನಿಂದ ಬಂದವರೇ ಒಂದು ಚೀಟಿ ಮೇಜಿನ ಮೇಲಿಟ್ಟರು. ಯಾರನ್ನೋ ವಿಚಾರಿಸಿದ್ದರು. ಯೇರಿನ್ನಳ ಶಾಲೆಯಲ್ಲೇ ಜನವರಿಯ ಕೊನೆಯ ಎರಡು ವಾರ ಬೇಸಿಗೆ ತರಗತಿ ಇದೆ; ಇಲ್ಲಿ ಬೇಸಿಗೆ ರಜೆ ಆಗಲೇ. ಒಂದೆರಡು ಕ್ರೆಡಿಟ್ ಕಡಿಮೆ ಬಿದ್ದವರು ಅಲ್ಲಿ ಒಂದು ಇಂಟರ್ನಲ್ ಬರೆದು ಸರಿಮಾಡಿಕೊಳ್ಳಬಹುದು. ಸೀಟು ಎಂಟೇ. ಯಾರಿಗೆ ಎಂದು ತೀರ್ಮಾನಿಸುವವರು ಡೀನ್, ಕೊನೆಯ ವರ್ಷದ ಮಕ್ಕಳನ್ನು ನೋಡಿಕೊಳ್ಳುವ ಟೀಚರ್, ಮಿಸೆಸ್ ಡಾಸನ್ ಎಂದು ಹೆಸರು.

"ನಾಳೆ ಹತ್ತು ಗಂಟೆಗೆ ಸಿಗ್ತಾರಂತೆ. ಯೇರಿನ್ ಅಮ್ಮಂಗೆ ಹೇಳಿದ್ದೀನಿ, ಅವರಿಬ್ಬರೂ ಬರ್ತಾರೆ," ಎಂದರು ವಿಜಯಾ. "ಹೋಗ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು."

ಮೇಷ್ಟ್ರು ಹೋದರು. ಇಸ್ತ್ರಿ ಮಾಡಿದ ಪೂರ್ತಿ ತೋಳಿನ ಶರ್ಟು ಹಾಕಿಕೊಂಡು, ಆ ಡೀನ್‌ಗೆ ನಾಲ್ಕು ಮಾತು ಆಡಿಯೇ ಬರುತ್ತೇನೆಂದು ಹೊರಟರು. ದಾರಿಯುದ್ದಕ್ಕೂ ವಾದ ಕಟ್ಟಿದರು. ಎರಡು ಎಕ್ಸಲೆನ್ಸ್ ತಂದ ಹುಡುಗಿಗೆ ಸೀಟು ಕೊಡದ ಶಾಲೆ ಶಾಲೆಯೇ ಎಂದು ಕೇಳಬೇಕು. ತಮ್ಮ ವಿಷಯ ಎತ್ತುವ ಯೋಚನೆ ಅವರಿಗಿರಲಿಲ್ಲ. ಎತ್ತುವ ಅಗತ್ಯ ಬೀಳದಂತೆ ವಾದ ಮಾಡಿ ಗೆಲ್ಲುವ ಯೋಚನೆ ಇತ್ತು.

ಮಿಸೆಸ್ ಡಾಸನ್ ಅರವತ್ತರ ಹತ್ತಿರದ ಹೆಂಗಸು, ಚಪ್ಪಲಿ ಹಾಕಿಕೊಂಡೇ ಆಫೀಸಿಗೆ ಬಂದಿದ್ದರು. ರಜೆಯಲ್ಲವೇ. ಮೇಷ್ಟ್ರಿಗೆ ಅದಕ್ಕೂ ಸಿಟ್ಟು ಬಂತು. ಆಕೆ ಎಲ್ಲರಿಗೂ ನೀರು ಕೊಟ್ಟು, ಮೇಷ್ಟ್ರ ವಾದವನ್ನು ಕೊನೆಯವರೆಗೂ ಕೇಳಿ, ಆಮೇಲೆ ಕಂಪ್ಯೂಟರಿನತ್ತ ತಿರುಗಿದರು.

"ಯೇರಿನ್ ಬುದ್ಧಿವಂತೆ, ಅದರಲ್ಲಿ ಎರಡು ಮಾತಿಲ್ಲ," ಎಂದರು. "ಆದರೆ ಎಂಟು ಸೀಟಿಗೆ ಇಪ್ಪತ್ತಮೂರು ಅರ್ಜಿ ಬಂದಿವೆ. ಕಾಯಿಲೆ ಬಿದ್ದವರು, ಮನೆಯಲ್ಲಿ ಸಾವು ಕಂಡವರು, ನಾವೇ ತಪ್ಪು ದಾರಿ ತೋರಿಸಿದವರು ಇದ್ದಾರೆ. ಯೇರಿನ್‌ಗೆ ನಾವು ಎರಡು ಸಲ ಅವಕಾಶ ಕೊಟ್ಟೆವು. ಮನೆಯವರು ಎರಡು ಸಲವೂ ಬೇಡ ಎಂದರು. ಇಲ್ಲೇ ಇದೆ ನೋಡಿ."

ಆಕೆ ಕನ್ನಡಕ ಏರಿಸಿ ಓದಿದರು. 'ಮಾನ್ಯರೇ, ಕುಮಾರಿ ಯೇರಿನ್ ವಾರ್ಷಿಕ ಪರೀಕ್ಷೆಯತ್ತ ಸಂಪೂರ್ಣ ಗಮನ ಹರಿಸಬೇಕಾಗಿರುವುದರಿಂದ, ಸದರಿ ಇಂಟರ್ನಲ್‌ನಿಂದ ಅವಳಿಗೆ ದಯಮಾಡಿ ವಿನಾಯಿತಿ ನೀಡಬೇಕಾಗಿ ವಿನಂತಿ.'

ತಮ್ಮದೇ ಇಂಗ್ಲಿಷನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಮೇಷ್ಟ್ರ ಕಿವಿ ಬಿಸಿಯಾಯಿತು. ಯೇರಿನ್ನಳ ತಾಯಿ, ಏನು ಓದುತ್ತಿದ್ದಾರೆಂದು ತಿಳಿಯದೆ, ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು.

"ಇದನ್ನು ಕಳಿಸಿದ್ದು ನಿನ್ನ ಅಮ್ಮ ಅಲ್ಲವೇ ಯೇರಿನ್?"

ಯೇರಿನ್ ಮೇಷ್ಟ್ರ ಕಡೆ ತಿರುಗಲಿಲ್ಲ. "ನಾನೇ ಬರೆದದ್ದು, ಮಿಸೆಸ್ ಡಾಸನ್," ಎಂದಳು. "ಅಮ್ಮನ ಫೋನಿನಿಂದ. ನನಗೆ ಇಂಟರ್ನಲ್ ಬರೆಯಲು ಇಷ್ಟವಿರಲಿಲ್ಲ."

ಡೀನ್ ನಿಟ್ಟುಸಿರು ಬಿಟ್ಟು ಕನ್ನಡಕ ತೆಗೆದರು. ಮಾತು ಮುಗಿಯಿತು ಎಂದು ಹೇಳುವ ಮುಂಚೆ ಜನ ಬಿಡುವ ಉಸಿರು ಅದು. ಅಷ್ಟರಲ್ಲಿ ಮೇಜಿನ ಮೇಲೆ ಧಡಾರನೆ ಏಟು ಬಿದ್ದು ನೀರಿನ ಲೋಟ ಮಗುಚಿತು.

"ಸುಳ್ಳು!" ಮೇಷ್ಟ್ರು ಎದ್ದು ನಿಂತಿದ್ದರು. "ಹಸೀ ಸುಳ್ಳು ಹೇಳ್ತಿದ್ದಾಳೆ! ಹದಿನೆಂಟು ವರ್ಷದ ಹುಡುಗಿ 'ಸದರಿ' ಅಂತ ಬರೀತಾಳೇನ್ರೀ? 'ವಿನಾಯಿತಿ ನೀಡಬೇಕಾಗಿ ವಿನಂತಿ' ಅಂತ ಬರೀತಾಳಾ? ನಿಮಗೆ ಓದಿದರೆ ಗೊತ್ತಾಗಲ್ವಾ? ನಾನು ಬರೆದದ್ದು ಅದು! ನಾನು! ಎರಡು ಸಲವೂ ನಾನೇ!"

ನೀರು ಮೇಜಿನ ಅಂಚಿನಿಂದ ಮೇಷ್ಟ್ರ ಪ್ಯಾಂಟಿನ ಮೇಲೆ ತೊಟ್ಟಿಕ್ಕಿತು. ನಿಜ ಹೇಳುವುದಕ್ಕೂ ಅವರಿಗೆ ಸಿಟ್ಟೇ ಬೇಕಾಯಿತು. ಬೇರೆ ದಾರಿ ಅವರಿಗೆ ಗೊತ್ತಿರಲಿಲ್ಲ. ಆದರೆ ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಇಂಟರ್ನಲ್ ಎಂದರೆ ನಮ್ಮಲ್ಲಿ ಪುಕ್ಕಟೆ ಮಾರ್ಕ್ಸು, ಇಲ್ಲೂ ಹಾಗೇ ಅಂದುಕೊಂಡೆ ಎಂದರು. ತಾಯಿಗೆ ಇಂಗ್ಲಿಷ್ ಬರುವುದಿಲ್ಲ, ನನ್ನನ್ನು ನಂಬಿದರು ಎಂದರು. ಇಲ್ಲಿನ ನಿಯಮ ಓದಿದ್ದೀರಾ ಎಂದು ಡೀನ್ ಕೇಳಿದರು. ಓದಿಲ್ಲ ಎಂದರು. ನೀವು ಇಲ್ಲಿ ನೋಂದಾಯಿಸಿಕೊಂಡ ಟೀಚರ್ರೇ ಎಂದು ಕೇಳಿದರು. ಅಲ್ಲ ಎಂದರು. ಆ 'ಅಲ್ಲ' ಹೇಳುವಾಗ ಮೊದಲ ಸಲ ಅವರ ದನಿ ಇಳಿಯಿತು.

ಡೀನ್ ಒಂದು ಫಾರಂ ಮುಂದಿಟ್ಟರು. "ಇದನ್ನೆಲ್ಲ ಬರೆದು ಸಹಿ ಮಾಡಿ ಕೊಡುತ್ತೀರಾ? ಹಾಗಾದರೆ ತಪ್ಪು ಸಲಹೆ ಎಂಬ ಪಟ್ಟಿಗೆ ಅವಳನ್ನು ಸೇರಿಸಬಹುದು. ಶಾಲೆಯ ಕಡತದಲ್ಲಿ ನಿಮ್ಮ ಹೆಸರು ಉಳಿಯುತ್ತದೆ, ಅದು ನಿಮಗೆ ತಿಳಿದಿರಲಿ. ಮತ್ತು ಈ ಎರಡು ವಾರ ಅವಳಿಗೆ ನೀವು ಪಾಠ ಮಾಡುವಂತಿಲ್ಲ."

ಹೆಸರು ಉಳಿದರೆ ಗ್ಯಾರೇಜು ಮುಚ್ಚಿದಂತೆಯೇ. ಈ ಊರಿನ ಕೊರಿಯಾದವರಲ್ಲಿ ಸುದ್ದಿ ಹಬ್ಬಲು ಒಂದು ಭಾನುವಾರದ ಚರ್ಚು ಸಾಕು. ಮೇಷ್ಟ್ರು ಪೆನ್ನು ತೆಗೆದರು. 'ಕಾರಣ' ಎಂಬಲ್ಲಿ ಮೊದಲು ಎರಡು ಸಾಲು ಸುತ್ತಿ ಬಳಸಿ ಬರೆದು, ಓದಿ, ಅದನ್ನು ಹೊಡೆದುಹಾಕಿ, 'ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಹೇಳಿದೆ' ಎಂದು ಬರೆದು ಸಹಿ ಹಾಕಿದರು. ಡೀನ್ ಅದನ್ನು ಓದಿ, ಯೇರಿನ್‌ಗೆ ಸೋಮವಾರ ಒಂಬತ್ತಕ್ಕೆ ಬರಲು ಹೇಳಿದರು.

ಹೊರಗೆ ಕಾರ್ ಪಾರ್ಕಿನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ತಾಯಿ ಮಗಳನ್ನು ತಡೆದು ನಿಲ್ಲಿಸಿ ಏನೋ ಕೇಳಿದರು. ಯೇರಿನ್ ಅವರ ಭಾಷೆಯಲ್ಲಿ ಹೇಳತೊಡಗಿದಳು. ಮೇಷ್ಟ್ರಿಗೆ ಅರ್ಥವಾದದ್ದು ನಡುನಡುವೆ ಬರುತ್ತಿದ್ದ ಗುರುಗಳು ಎಂಬ ಒಂದು ಮಾತು ಮಾತ್ರ. ಮಗಳು ಮುಗಿಸಿದ ಮೇಲೆ ತಾಯಿ ಮೇಷ್ಟ್ರ ಕಡೆ ನೋಡಿದರು. ಎರಡು ವರ್ಷದಲ್ಲಿ ಮೊದಲ ಸಲ ಆಕೆ ಬಗ್ಗಲಿಲ್ಲ. ನೆಟ್ಟಗೆ ನಿಂತು, ಸುಮ್ಮನೆ ನೋಡಿ, ಹೋಗಿ ಕಾರಿನಲ್ಲಿ ಕೂತರು.

ಮೇಷ್ಟ್ರು ಯೇರಿನ್ ಕಡೆ ತಿರುಗಿದರು. ಸೀಟು ಸಿಕ್ಕಿದೆ, ಇನ್ನಾದರೂ ಹುಡುಗಿಯ ಮುಖ ಅರಳಬಹುದು ಎಂದುಕೊಂಡಿದ್ದರು.

"ಏನು ಬೇಕಿತ್ತು ನಿನಗೆ ಆ ಸುಳ್ಳು?" ಎಂದರು. "ನಿನ್ನ ತಲೆ ಮೇಲೆ ನೀನೇ ಕಲ್ಲು ಎತ್ತಿ ಹಾಕಿಕೊಳ್ಳುತ್ತಿದ್ದೆ."

"ನಿಮಗೋಸ್ಕರ ಹೇಳಿದ್ದಲ್ಲ," ಎಂದಳು ಯೇರಿನ್. ಸರ್ ಎನ್ನಲಿಲ್ಲ. "ನನ್ನಮ್ಮನಿಗೋಸ್ಕರ. ತಾವು ನಂಬಿದವರು ಇಂಥವರು ಅಂತ ಅವರಿಗೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ."

ಮೇಷ್ಟ್ರು ಬಾಯಿ ತೆರೆದರು. ಅವಳು ಅವಕಾಶ ಕೊಡಲಿಲ್ಲ.

"ಮೂರನೇ ಪುಸ್ತಿಕೆ ಏನಾಯಿತು ಎಂದು ಕೇಳಿದಿರಲ್ಲ. ಹೇಳ್ತೀನಿ. ಎರಡನೇ ಪುಸ್ತಿಕೆಯ ಕೊನೆಯ ಪ್ರಶ್ನೆ ಬರಲಿಲ್ಲ. ಮೂರನೆಯದಕ್ಕೆ ಹೋಗಬೇಕು ಎಂದು ನನಗೆ ಗೊತ್ತಿತ್ತು. ಆದರೆ ಒಂದು ಪ್ರಶ್ನೆ ಮುಗಿಸದೆ ಪುಟ ತಿರುಗಿಸುವವನು ಹೇಡಿ ಎಂದು ಎರಡು ವರ್ಷ ನೀವು ಕೂಗಿದ್ದೀರಿ. ಐವತ್ತು ನಿಮಿಷ ನಾನು ಆ ಒಂದೇ ಪ್ರಶ್ನೆಯ ಮುಂದೆ ಕೂತಿದ್ದೆ. ನೀವು ತಪ್ಪು ಎಂದು ಗೊತ್ತಿತ್ತು. ಇಂಟರ್ನಲ್ ವಿಷಯದಲ್ಲೂ ಗೊತ್ತಿತ್ತು. ನನ್ನ ಕ್ಲಾಸಿನ ಪ್ರತಿಯೊಬ್ಬರಿಗೂ ಗೊತ್ತಿತ್ತು!"

"ಗೊತ್ತಿದ್ದರೆ ಯಾಕೆ ಹೇಳಲಿಲ್ಲ?" ಮೇಷ್ಟ್ರ ದನಿ ತಾರಕಕ್ಕೇರಿತು. "ಬಾಯಿ ಇರಲಿಲ್ವಾ? ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

ಪಕ್ಕದಲ್ಲಿ ಯೂಟ್ ಗಾಡಿ ತೊಳೆಯುತ್ತಿದ್ದ ಶಾಲೆಯ ಮಾಲಿ ಪೈಪು ಹಿಡಿದುಕೊಂಡೇ ತಿರುಗಿ ನೋಡಿದ.

"ಹೀಗೆ," ಎಂದಳು ಯೇರಿನ್. "ಯಾಕೆ ಎಂದು ಕೇಳಿದಿರಲ್ಲ. ಹೀಗೆ ಕೂಗ್ತೀರಿ, ಅದಕ್ಕೆ."

ಮೇಷ್ಟ್ರಿಗೆ ಸಿಟ್ಟು ಇನ್ನೂ ಇತ್ತು, ಎದೆಯಲ್ಲಿ ಕುದಿಯುತ್ತಲೇ ಇತ್ತು, ಆದರೆ ಎಸೆಯಲು ಎದುರಿಗೆ ಯಾರೂ ಇರಲಿಲ್ಲ. ಸುತ್ತ ಎಲ್ಲಿ ನೋಡಿದರೂ ತಾವೇ. ಕಾರಿಡಾರಿನಲ್ಲಿ ಕೆಮ್ಮಿದರೆ ಬಾಯಿ ಮುಚ್ಚುತ್ತಿದ್ದ ಆ ಎರಡು ಸೆಕ್ಷನ್‌ಗಳಲ್ಲಿ ಎಷ್ಟು ಮಕ್ಕಳು ಏನೇನು ಗೊತ್ತಿದ್ದೂ ಬಾಯಿ ಮುಚ್ಚಿ ಕೂತಿದ್ದರೋ. ಅದನ್ನು ಅವರು ಗೌರವ ಎಂದುಕೊಂಡಿದ್ದರು.

"ಹೇಳು," ಎಂದರು. ತಮಗೇ ಕೇಳಿಸದಷ್ಟು ಮೆತ್ತಗೆ.

ಅವಳು ಹೇಳಿದಳು. ಕೂಗಿಯೇ ಹೇಳಿದಳು. ಕೊನೆಯ ಪೇಪರಿಗೆ ಎದ್ದು ಹೋಗಿ ನಿಂತ ಆ ಒಂದು ನಿಮಿಷ ಹೇಗಿರುತ್ತದೆ ಎಂದು ಹೇಳಿದಳು. ತನ್ನ ಜೊತೆಯ ಹುಡುಗಿಯೊಬ್ಬಳು ಆ ನಿಮಿಷಕ್ಕೆ ಹೆದರಿ ಶನಿವಾರ ಬಂತೆಂದರೆ ವಾಂತಿ ಮಾಡಿಕೊಳ್ಳುತ್ತಿದ್ದುದನ್ನು ಹೇಳಿದಳು. ವಿಮಾನ ನಿಲ್ಲಿಸುವ ದೇಶವನ್ನು ಅಷ್ಟು ಹೊಗಳುತ್ತಿದ್ದಿರಲ್ಲ, ಅದೇ ಪರೀಕ್ಷೆಗೆ ಹೆದರಿ ನನ್ನಮ್ಮ ನನ್ನನ್ನು ಇಲ್ಲಿಗೆ ಕರೆತಂದದ್ದು, ಒಂದು ದಿನವಾದರೂ ಕೇಳಿದಿರಾ ಎಂದಳು. ಅಮ್ಮ ನಿಮ್ಮ ಬಾಗಿಲಲ್ಲಿ ಬಗ್ಗಿ ನಿಂತಾಗ ಅವರ ಬೆನ್ನನ್ನು ನೋಡುತ್ತಾ ನಿಂತಿರಲ್ಲ, ಅದನ್ನು ಮರೆಯುವುದಿಲ್ಲ ಎಂದಳು. ಮೇಷ್ಟ್ರು ಒದ್ದೆ ಪ್ಯಾಂಟಿನಲ್ಲಿ, ನೆತ್ತಿಯ ಮೇಲೆ ಬಿಸಿಲು ಹೊತ್ತು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತೇ ಇದ್ದರು. ಒಮ್ಮೆಯೂ ಅಡ್ಡ ಬಾಯಿ ಹಾಕಲಿಲ್ಲ.

ಅವಳು ಉಸಿರಿಗಾಗಿ ನಿಂತಾಗ ಮೇಷ್ಟ್ರು ಕೇಳಿದರು, "ಇನ್ನೂ ಇದೆಯಾ?"

"ಇದೆ," ಎಂದಳು ಯೇರಿನ್.